ದುಡ್ಡು ಕಡಿಮೆಯಾದದ್ದಕ್ಕೆ ನಗು ಕೆಡಲಿಲ್ಲ

ಮಾನ್ಯ ಸಂಪಾದಕರೇ,

ಕನ್ನಡದ ಒಂದು ದೆವ್ವದ ಚಿತ್ರದ ಎರಡನೇ ಭಾಗದ ಬಗ್ಗೆ ಈಚೆಗೆ ನಿಮ್ಮ ಸಿನಿಮಾ ಪುರವಣಿಯಲ್ಲಿ ಬಂದ ವಿಮರ್ಶೆಯನ್ನೂ, ಅದನ್ನು ಮೆಚ್ಚಿಕೊಂಡು ಜಯನಗರದ ಓದುಗರೊಬ್ಬರು ಬರೆದ ಪತ್ರವನ್ನೂ ಓದಿದೆ. ಮೊದಲ ಭಾಗದಲ್ಲಿ ರಕ್ತ ಹರಿಸಿ ಹೆದರಿಸಿದವರು ಎರಡನೆಯದರಲ್ಲಿ ಬಿದ್ದು, ಎದ್ದು, ಒದೆ ತಿಂದು ನಗಿಸಲು ಹೊರಟರೆ ಅದು ಟಿಕೆಟ್ ಕೊಂಡವರಿಗೆ ಬಗೆದ ದ್ರೋಹ, ದುಡ್ಡಿಲ್ಲದವರ ಕೈಲಾಗದತನ ಎನ್ನುವುದು ಇಬ್ಬರ ಮಾತಿನ ಸಾರ. ಚಿತ್ರ ಚೆನ್ನಾಗಿಲ್ಲ ಎಂಬುದರಲ್ಲಿ ನನಗೆ ತಕರಾರಿಲ್ಲ. ಅದರಲ್ಲಿ ಕೇಳುವ ಹೆಜ್ಜೆ ಸಪ್ಪಳ, ಬಾಗಿಲಿನ ಕಿರುಗುಟ್ಟುವಿಕೆ, ಮೂಳೆ ಮುರಿಯುವ ಸದ್ದು, ಕಪಾಳಮೋಕ್ಷ ಇವುಗಳಲ್ಲಿ ಮುಕ್ಕಾಲು ಪಾಲು ನಾನು ಮಾಡಿದ್ದು. ಹಾಗಾಗಿ ವಿಮರ್ಶಕರಿಗಿಂತ ಹೆಚ್ಚು ಸಲ, ಅದೂ ಫ್ರೇಮ್ ಫ್ರೇಮ್ ಹಿಡಿದು, ನಾನು ಅದನ್ನು ನೋಡಿದ್ದೇನೆ. ನನ್ನ ತಕರಾರಿರುವುದು ಅವರು ಕೊಟ್ಟ ಕಾರಣದ ಬಗ್ಗೆ.

ನಾನು ಎಫೆಕ್ಟ್ಸ್ ಕೆಲಸದವನು. ರಾಜಾಜಿನಗರದ ಒಂದು ನೆಲಮಾಳಿಗೆಯಲ್ಲಿ, ಪರದೆಯ ಮುಂದೆ ಮೈಕ್ ಇಟ್ಟುಕೊಂಡು, ನಟರು ನಡೆದಂತೆ ನಡೆದು, ಬಿದ್ದಂತೆ ಬಿದ್ದು ಸದ್ದು ಮಾಡುವುದು ನನ್ನ ಹೊಟ್ಟೆಪಾಡು. ಜಲ್ಲಿ ತುಂಬಿದ ತಟ್ಟೆ, ಹಳೆಯ ಚಪ್ಪಲಿಗಳ ರಾಶಿ, ತುಕ್ಕು ಹಿಡಿದ ಬಾಗಿಲ ಕೀಲು, ತೆಂಗಿನ ಚಿಪ್ಪು ನನ್ನ ಆಸ್ತಿ. ದೆವ್ವದ ಚಿತ್ರ ಬಂತೆಂದರೆ ತರಕಾರಿ ಅಂಗಡಿಗೂ ಹೋಗಬೇಕು. ಮೂಳೆ ಮುರಿಯಲು ಎಲೆಕೋಸು, ಕತ್ತಿ ಇಳಿಯಲು ಕಲ್ಲಂಗಡಿ, ತಲೆ ಗೋಡೆಗೆ ಬಡಿಯಲು ಬೂದುಗುಂಬಳ, ಕರುಳು ಹೊರಬರಲು ಒದ್ದೆ ಟವೆಲ್. ಅಂಗಡಿಯಾಕೆ ಪ್ರತಿ ಸಲವೂ ಮನೆಯಲ್ಲಿ ಏನು ವಿಶೇಷವೆಂದು ಕೇಳುತ್ತಾರೆ. ಕೊಲೆ ಎಂದು ಹೇಳಲು ಆಗುವುದಿಲ್ಲವಲ್ಲ.

ಅಗ್ಗದ ರಕ್ತಸಿಕ್ತ ಚಿತ್ರವೊಂದು ಎರಡನೇ ಭಾಗದಲ್ಲಿ ನಗೆಯ ಕಡೆಗೆ ಹೊರಳುವುದು ನಮ್ಮ ಗಾಂಧಿನಗರದವರು ಕಂಡುಹಿಡಿದದ್ದಲ್ಲ. ಅದಕ್ಕೆ ದೊಡ್ಡ ಉದಾಹರಣೆ ಅಮೆರಿಕದ 'ಈವಿಲ್ ಡೆಡ್ 2'. ಎಂಬತ್ತರ ದಶಕದ ಕೊನೆಯಲ್ಲಿ ಮಲ್ಲೇಶ್ವರದ ವಿಡಿಯೊ ಲೈಬ್ರರಿಯೊಂದರಲ್ಲಿ ಅದರ ಕ್ಯಾಸೆಟ್ ಸಿಗುತ್ತಿತ್ತು. ನಾನು ಈ ಕೆಲಸಕ್ಕೆ ಬರಲು ಆ ಕ್ಯಾಸೆಟ್ ಅರ್ಧ ಕಾರಣ. ಉಳಿದರ್ಧ, ಬಿ.ಕಾಂ. ಪಾಸಾಗದೇ ಇದ್ದದ್ದು.

ಮೊದಲ 'ಈವಿಲ್ ಡೆಡ್' ತೆರೆ ಕಂಡದ್ದು 1981ರಲ್ಲಿ. ನಿರ್ದೇಶಕ ಸ್ಯಾಮ್ ರೈಮಿಗೆ ಅದನ್ನು ಚಿತ್ರಿಸಲು ಹೊರಟಾಗ ಇಪ್ಪತ್ತು ವರ್ಷ. ಮಿಷಿಗನ್ನಿನ ಹಲ್ಲಿನ ಡಾಕ್ಟರರು, ವಕೀಲರು ಮುಂತಾದವರ ಬಳಿ ಚಂದಾ ಎತ್ತುವಂತೆ ದುಡ್ಡು ಎತ್ತಿ, ಟೆನೆಸೀಯ ಕಾಡಿನ ಪಾಳುಗುಡಿಸಲೊಂದರಲ್ಲಿ ಗೆಳೆಯರನ್ನು ಕೂಡಿಹಾಕಿಕೊಂಡು ಮಾಡಿದ ಚಿತ್ರ. ಒಟ್ಟು ಖರ್ಚು ನಾಲ್ಕು ಲಕ್ಷ ಡಾಲರಿನ ಒಳಗೆ. ಕ್ಯಾಮೆರಾ ಓಡಿಸುವ ಸಲಕರಣೆಗೆ ದುಡ್ಡಿಲ್ಲದೆ, ಅದನ್ನು ಮರದ ಹಲಗೆಗೆ ಬಿಗಿದು ಎರಡೂ ತುದಿಗೆ ಒಬ್ಬೊಬ್ಬರು ಹಿಡಿದು ಕಾಡಿನಲ್ಲಿ ಓಡಿದರು. ಕಾಣದ ದೆವ್ವವೊಂದು ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ನುಗ್ಗಿ ಬರುವಂತೆ ಕಾಣುವ ಆ ಶಾಟ್ ಹುಟ್ಟಿದ್ದು ಹಾಗೆ. ರಕ್ತವೆಂದರೆ ಮುಸುಕಿನ ಜೋಳದ ಸಿಹಿಪಾಕಕ್ಕೆ ಕಲಸಿದ ಬಣ್ಣ. ಬ್ರಿಟನ್ನಿನಲ್ಲಿ ಆ ಚಿತ್ರದ ವಿಡಿಯೊ ಕ್ಯಾಸೆಟ್ಟಿನ ಮೇಲೆ ಕೇಸುಗಳೇ ನಡೆದವು. ಇನ್ನೊಂದು ಕಡೆ ಕಾದಂಬರಿಕಾರ ಸ್ಟೀಫನ್ ಕಿಂಗ್ ಅದನ್ನು ಹೊಗಳಿ ಬರೆದದ್ದೇ ಅದರ ಅದೃಷ್ಟವಾಯಿತು.

ಎರಡನೇ ಭಾಗ ಬಂದದ್ದು 1987ರಲ್ಲಿ. ಅದಕ್ಕೆ ನಿರ್ಮಾಪಕ ಡಿನೊ ಡಿ ಲಾರೆಂಟಿಸ್ ದುಡ್ಡು ಹಾಕುವಂತೆ ಮಾಡಿದ್ದೂ ಇದೇ ಕಿಂಗ್. ಸುಮಾರು 35 ಲಕ್ಷ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಕಾಸು, ಆದರೆ ಮೊದಲ ಭಾಗದ ಹತ್ತಿರ ಹತ್ತಿರ ಹತ್ತು ಪಟ್ಟು. ನಿಮ್ಮ ವಿಮರ್ಶಕರು ಇದನ್ನು ಗಮನಿಸಬೇಕು. ರೈಮಿಯ ಬಳಿ ಬಿಡಿಗಾಸು ಇಲ್ಲದಿದ್ದಾಗ ಹೆದರಿಸಿದ. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದಾಗ ನಗಿಸಿದ. ದುಡ್ಡಿಲ್ಲದ್ದಕ್ಕೆ ಹಾಸ್ಯಕ್ಕೆ ಇಳಿಯುತ್ತಾರೆ ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ರೈಮಿ, ನಾಯಕ ನಟ ಬ್ರೂಸ್ ಕ್ಯಾಂಪ್‌ಬೆಲ್, ಜೊತೆಗೆ ಚಿತ್ರಕಥೆ ಬರೆದ ಸ್ಕಾಟ್ ಸ್ಪೀಗಲ್ ಹುಡುಗರಾಗಿದ್ದಾಗಿನಿಂದಲೂ 'ತ್ರೀ ಸ್ಟೂಜಸ್' ಹಾಸ್ಯತಂಡದ ಹುಚ್ಚು ಹಿಡಿಸಿಕೊಂಡವರು. ಸೂಪರ್ 8 ಎಂಬ ಮನೆಬಳಕೆಯ ಸಣ್ಣ ಕ್ಯಾಮೆರಾದಲ್ಲಿ ಪರಸ್ಪರ ಬಡಿದಾಡುವ ಚಿತ್ರಗಳನ್ನು ತೆಗೆಯುತ್ತ ಬೆಳೆದವರು. ಬಿದ್ದು ಏಳುವ ಹಾಸ್ಯ ಅವರಿಗೆ ಕಡೆಗಳಿಗೆಯಲ್ಲಿ ಹೊಳೆದ ಉಪಾಯವಾಗಿರಲಿಲ್ಲ.

ಆ ಚಿತ್ರದ ಅಡುಗೆಮನೆ ದೃಶ್ಯ ನೋಡದವರಿಗೆ ಹೇಳುತ್ತೇನೆ. ನಾಯಕ ಆಶ್‌ನ ಬಲಗೈಗೆ ದೆವ್ವ ಹಿಡಿದಿದೆ. ಮೈ ಅವನದು, ಕೈ ಮಾತ್ರ ಅವನದಲ್ಲ. ಆ ಕೈ ಅವನ ಕೂದಲು ಹಿಡಿದು ತಲೆಯನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಬಡಿಯುತ್ತದೆ. ಪಿಂಗಾಣಿ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಅವನ ನೆತ್ತಿಯ ಮೇಲೇ ಒಡೆಯುತ್ತದೆ. ಅವನನ್ನು ಹಿಡಿದೆತ್ತಿ ಲಾಗ ಹೊಡೆಸಿ ನೆಲಕ್ಕೆ ಒಗೆಯುತ್ತದೆ. ಅವನು ಪ್ರಜ್ಞೆ ತಪ್ಪಿದ ಮೇಲೂ ಅದಕ್ಕೆ ಎಚ್ಚರ. ಬೆರಳುಗಳನ್ನು ನೆಲಕ್ಕೂರಿ ಅವನ ಇಡೀ ದೇಹವನ್ನು ಎಳೆದುಕೊಂಡು ಮಚ್ಚಿನ ಕಡೆಗೆ ಹೊರಡುತ್ತದೆ. ಕೊನೆಗೆ ಅವನು ಮರ ಕೊಯ್ಯುವ ಗರಗಸದಿಂದ ಆ ಕೈಯನ್ನೇ ಕತ್ತರಿಸಿ, ಬಕೆಟ್ ಕವುಚಿ, ಮೇಲೆ ಭಾರಕ್ಕೆಂದು ಪುಸ್ತಕಗಳನ್ನು ಹೇರುತ್ತಾನೆ. ಎಲ್ಲಕ್ಕಿಂತ ಮೇಲಿರುವ ಪುಸ್ತಕ ಹೆಮಿಂಗ್ವೇಯ 'ಎ ಫೇರ್‌ವೆಲ್ ಟು ಆರ್ಮ್ಸ್'. ಇಂಗ್ಲಿಷಿನಲ್ಲಿ ಆ ಹೆಸರನ್ನು ತೋಳಿಗೆ ವಿದಾಯ ಎಂದೂ ಓದಬಹುದು.

ಇದನ್ನು ನಾನು ಕಿವಿಯಿಂದ ನೋಡಿದ್ದೇನೆ. ತಟ್ಟೆ ಒಡೆಯುವ ಸದ್ದು ತಟ್ಟೆಯದ್ದೇ, ಖಣಖಣ ಅಂತ ಇದೆ. ನಗುವಿನ ಸದ್ದನ್ನು ಅದರ ಮೇಲೆ ಯಾರೂ ಹೇರಿಲ್ಲ. ಎರಡು ಪೆಟ್ಟುಗಳ ನಡುವಿನ ಬಿಡುವನ್ನು ಮಾತ್ರ ಎಣಿಸಿಟ್ಟಿದ್ದಾರೆ. ಮೊದಲನೆಯ ತಟ್ಟೆಗೆ ಬೆಚ್ಚುತ್ತೇವೆ, ಎರಡನೆಯದು ಬರುತ್ತದೆಂದು ಗೊತ್ತಾಗುತ್ತದೆ, ಮೂರನೆಯದು ಬರುವ ಮೊದಲೇ ನಗು ಬಂದಿರುತ್ತದೆ. ಹೆದರಿಸುವ ಪೆಟ್ಟು ಹೇಳದೆ ಕೇಳದೆ ಬೀಳಬೇಕು. ನಗಿಸುವ ಪೆಟ್ಟು ಹೇಳಿ ಕಳಿಸಿ ಬರಬೇಕು. ಸೆಕೆಂಡಿಗೆ 24 ಫ್ರೇಮ್‌ಗಳ ಲೆಕ್ಕದಲ್ಲಿ ಈ ಎರಡರ ಅಂತರ ಎಷ್ಟೋ ಸಲ ನಾಲ್ಕೈದು ಫ್ರೇಮ್ ಇರುತ್ತದೆ, ಅಷ್ಟೇ. ಕತ್ತರಿಸಿ ಬಿದ್ದ ಕೈಗೂ ಆ ಚಿತ್ರದಲ್ಲಿ ಒಂದು ದನಿಯಿದೆ, ಇಲಿಮರಿಯ ಹಾಗೆ ಕಿಚಪಿಚ. ಅದು ಗೋಡೆಯ ಬಿಲ ಸೇರಿ ಅಲ್ಲಿಂದ ಅಣಕಿಸುತ್ತದೆ.

ಆಮೇಲೆ ಗೋಡೆಯ ಮೇಲಿನ ಜಿಂಕೆಯ ತಲೆ ಕತ್ತು ತಿರುಗಿಸಿ ನಗತೊಡಗುತ್ತದೆ. ಮೇಜಿನ ದೀಪ ಬಾಗಿ ಬಾಗಿ ನಗುತ್ತದೆ. ಪುಸ್ತಕಗಳು, ಬೀರುಗಳು, ಮನೆಯಲ್ಲಿದ್ದ ಸಾಮಾನೆಲ್ಲ ಬಾಯಿ ತೆರೆದು ನಗುತ್ತವೆ. ಆಶ್ ಕೂಡ ಅವುಗಳ ಜೊತೆ ಸೇರಿಕೊಂಡು ಹೊಟ್ಟೆ ಹಿಡಿದು ನಗುತ್ತಾನೆ, ಆ ನಗು ಎಲ್ಲೋ ಒಂದು ಕಡೆ ಅರಚಾಟವಾಗಿ ತಿರುಗುತ್ತದೆ. ಎಲ್ಲಿ ತಿರುಗಿತು ಎಂದು ಹುಡುಕಿಕೊಂಡು ಕ್ಯಾಸೆಟ್ಟನ್ನು ಹಿಂದೆ ಮುಂದೆ ಓಡಿಸಿ ಟೇಪು ಸವೆಸಿದ್ದೇನೆ. ಲೈಬ್ರರಿಯವರು ದಂಡ ಹಾಕಿದರು, ನ್ಯಾಯವೇ. ಹೆದರಿಕೆ ಮತ್ತು ನಗೆ ಎರಡನ್ನೂ ಒಂದೇ ಪೆಟ್ಟಿನಲ್ಲಿ ಇಡಲು ಸಾಧ್ಯ ಎಂದು ಕಲಿತದ್ದು ಅಲ್ಲಿ.

ನಮ್ಮ ದೇಶದ ಅಗ್ಗದ ದೆವ್ವದ ಚಿತ್ರಗಳು ಹಾಸ್ಯವನ್ನು ಬೇರೆ ಇಡುವುದೇ ರೂಢಿ. ರಾಮ್ಸೆ ಸಹೋದರರ 1984ರ 'ಪುರಾನಾ ಮಂದಿರ್' ನೋಡಿ. ಸಾಮ್ರಿ ಎಂಬ ರಾಕ್ಷಸನ ಕಥೆ ಒಂದು ಕಡೆ ನಡೆಯುತ್ತಿದ್ದರೆ, ಜಗದೀಪ್ ಅವರು 'ಶೋಲೆ'ಯನ್ನು ಅಣಕಿಸುವ ಹಾಸ್ಯ ಇನ್ನೊಂದು ಕಡೆ ತನ್ನ ಪಾಡಿಗೆ ನಡೆಯುತ್ತದೆ. ಬಾಳೆಲೆಯ ತುದಿಯಲ್ಲಿ ಉಪ್ಪಿನಕಾಯಿ ಬಡಿಸಿದ ಹಾಗೆ, ಬೇಕಾದವರು ನೆಂಜಿಕೊಳ್ಳಬಹುದು. ಕಂಪನಿ ನಾಟಕಗಳಲ್ಲಿ ಹಾಸ್ಯದ ಸೀನು ಹೀಗೇ ಪ್ರತ್ಯೇಕವಾಗಿ ಬರುತ್ತಿತ್ತು. ಅದರ ಮರ್ಯಾದೆ ಅದಕ್ಕಿತ್ತು. ನನಗೆ ಅದರ ಮೇಲೆ ಮುನಿಸಿಲ್ಲ. ಆದರೆ ನೀವು ವಿಮರ್ಶಿಸಿದ ಚಿತ್ರ ಈ ಎರಡೂ ದಾರಿಯದಲ್ಲ.

ಅದು ಹೇಗೆ ಹಾಸ್ಯಚಿತ್ರವಾಯಿತು ಎಂಬುದನ್ನು ಓದುಗರು ತಿಳಿದುಕೊಳ್ಳಲಿ. ಚಿತ್ರೀಕರಣ ಮುಗಿಯುವವರೆಗೂ ಅದು ಹೆದರಿಸುವ ಚಿತ್ರವೇ ಆಗಿತ್ತು. ಎಡಿಟಿಂಗ್ ಮುಗಿದು ವಿತರಕರಿಗೆ ತೋರಿಸಿದಾಗ ದೆವ್ವದ ಮೇಕಪ್ಪು ನೋಡಿ ಅವರು ನಕ್ಕರು. ಬೇರೆ ಊರಿನಲ್ಲಿ ಚಿತ್ರೀಕರಣ ಮಾಡುತ್ತಿದ್ದ ಇಬ್ಬರು ಹಾಸ್ಯ ನಟರಿಂದ ಅರ್ಧರ್ಧ ದಿನದ ಕಾಲ್‌ಶೀಟ್ ಪಡೆದು ಪ್ಯಾಚ್‌ವರ್ಕ್, ಅಂದರೆ ಮುಗಿದ ಚಿತ್ರಕ್ಕೆ ತೇಪೆ ಹಾಕುವ ಚಿತ್ರೀಕರಣ, ಮಾಡಿದರು. ಒಬ್ಬರು ಎರಡನೇ ಸಲ ಬರಲಾಗಲಿಲ್ಲ; ಅವರ ಅಂಗಿ ತೊಡಿಸಿ, ಬೆನ್ನು ತೋರಿಸಿ ಡೂಪ್ ಹಾಕಿದರು. ಡೂಪ್ ಹಾಕಿದ್ದಕ್ಕೆ ನಾನು ಬೈಯುವುದಿಲ್ಲ. 'ತ್ರೀ ಸ್ಟೂಜಸ್'ನ ಶೆಂಪ್ ಹಾವರ್ಡ್ 1955ರಲ್ಲಿ ತೀರಿಕೊಂಡಾಗ ಉಳಿದ ಚಿತ್ರಗಳನ್ನು ಮುಗಿಸಿದ್ದು ಜೋ ಪಾಲ್ಮಾ ಎಂಬ ನಟನನ್ನು ಬೆನ್ನು ತಿರುಗಿಸಿ ನಿಲ್ಲಿಸಿಯೇ. ರೈಮಿ ಅದನ್ನು ಮರೆಯದೆ ತನ್ನ ಚಿತ್ರಗಳ ಹೆಸರುಪಟ್ಟಿಯಲ್ಲಿ ಇಂಥವರಿಗೆಲ್ಲ 'ಫೇಕ್ ಶೆಂಪ್', ಅಂದರೆ ನಕಲಿ ಶೆಂಪ್, ಎಂದು ಹೆಸರು ಕೊಟ್ಟ. ನಮ್ಮ ಡೂಪ್ ಹುಡುಗನ ಹೆಸರು ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಪ್ಯಾಚ್‌ವರ್ಕ್ ಮುಗಿದ ಮೇಲೆ ಉಳಿದದ್ದೆಲ್ಲ ನನ್ನ ತಲೆಗೆ ಬಂತು. ತೋಟದ ಮನೆಯ ಮುದುಕನೊಬ್ಬನನ್ನು ದೆವ್ವ ಎಳೆದೊಯ್ದು ಗೋಡೆಗೆ ಬಡಿಯುವ ದೃಶ್ಯಕ್ಕೆ ನಾನು ಬೂದುಗುಂಬಳ ಒಡೆದು ಸದ್ದು ಕೊಟ್ಟಿದ್ದೆ. ನಿರ್ಮಾಪಕರು ಕೇಳಿ, "ಸ್ವಾಮಿ, ಇದನ್ನು ತೆಗೆದು ಇಲ್ಲಿ ಸ್ವಲ್ಪ ಕಾಮಿಡಿ ಮಾಡಿಬಿಡಿ" ಎಂದರು. ಹೇಗೆ ಎಂದು ಕೇಳಿದೆ. "ಬೊಂಯ್ ಅನ್ನಿಸಿ" ಎಂದರು. ಲ್ಯಾಪ್‌ಟಾಪಿನ ಲೈಬ್ರರಿಯಲ್ಲಿ ಬೊಂಯ್‌ಗೆ ಕೊರತೆಯೇನಿಲ್ಲ. ಸ್ಪ್ರಿಂಗ್, ಪೀಪಿ, ಬಾತುಕೋಳಿ, ತಬಲಾದ ಜಾರು ಎಲ್ಲವೂ ಇವೆ. ಹಾಕಿಕೊಟ್ಟೆ. ದೃಶ್ಯ ಅಲ್ಲೇ ಸತ್ತಿತು. ಏಕೆಂದರೆ ಅದನ್ನು ಕತ್ತಲಲ್ಲಿ, ಮುದುಕನ ಕಣ್ಣು ಬಾಯಿಗಳಿಗೆ ಕ್ಯಾಮೆರಾ ಅಂಟಿಸಿ, ತುಂಡು ತುಂಡು ಶಾಟ್‌ಗಳಲ್ಲಿ ತೆಗೆದಿದ್ದರು. ಬಿದ್ದವನನ್ನು ನೋಡಿ ನಗಬೇಕಾದರೆ ಅವನು ಅಡಿಯಿಂದ ಮುಡಿಯವರೆಗೆ ಕಾಣಬೇಕು, ಜಾರುವ ಕಾಲೂ ತಾಗುವ ಗೋಡೆಯೂ ಒಂದೇ ಶಾಟಿನಲ್ಲಿ ಇರಬೇಕು, ಬೆಳಕಿರಬೇಕು, ಎದ್ದು ಧೂಳು ಕೊಡವಿಕೊಳ್ಳುವಷ್ಟು ಹೊತ್ತು ಕ್ಯಾಮೆರಾ ಕಾಯಬೇಕು. ಮುದುಕನೊಬ್ಬ ಜೀವಭಯದಿಂದ ಕಣ್ಣು ಕಣ್ಣು ಬಿಡುವಾಗ ಹಿಂದಿನಿಂದ ಸ್ಪ್ರಿಂಗ್ ಸದ್ದು ಬಂದರೆ ಜನ ನಗುವುದಿಲ್ಲ. ಪಕ್ಕದವರ ಮುಖ ನೋಡುತ್ತಾರೆ. ಮೆಜೆಸ್ಟಿಕ್ಕಿನ ಚಿತ್ರಮಂದಿರದಲ್ಲಿ ಆಗಿದ್ದೂ ಅದೇ.

ಸದ್ದಿನಿಂದ ಹಾಸ್ಯವನ್ನು ಹೊಳೆಯಿಸಬಹುದು. ಇಲ್ಲದ ಹಾಸ್ಯವನ್ನು ಹುಟ್ಟಿಸಲಾಗದು. ಅದನ್ನು ಸೆಟ್ಟಿನಲ್ಲಿ, ಫೈಟ್ ಮಾಸ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು, ರಿಹರ್ಸಲ್ ಮಾಡಿಸಿ, ಮೈಯಿಂದ ತೆಗೆಸಬೇಕು. ತಿಪಟೂರಿನ ನರಸಿಂಹರಾಜು ಅವರು 1954ರ 'ಬೇಡರ ಕಣ್ಣಪ್ಪ'ದಿಂದ ಪರದೆಗೆ ಬರುವ ಮೊದಲು ಎಳವೆಯಿಂದಲೇ ನಾಟಕ ಕಂಪನಿಗಳಲ್ಲಿ ದುಡಿದು ಬಂದವರು. ಅವರ ಸಣಕಲು ಮೈ ಎಲ್ಲಿ ಮಡಚಬೇಕೋ ಅಲ್ಲೇ ಮಡಚುತ್ತಿತ್ತು. ಅವರ ಚಿತ್ರಗಳನ್ನು ಟಿ.ವಿ.ಯ ಸದ್ದು ಆರಿಸಿ ನೋಡಿ. ಆಗಲೂ ನಗು ಬರುತ್ತದೆ. ಅರ್ಧ ದಿನದ ಕಾಲ್‌ಶೀಟಿನಲ್ಲಿ ಯಾವ ನಟನೂ ಅದನ್ನು ಕೊಡಲಾರ. ಆ ಇಬ್ಬರು ಹಾಸ್ಯ ನಟರನ್ನು ನಿಮ್ಮ ವಿಮರ್ಶಕರು ಹಿಗ್ಗಾಮುಗ್ಗಾ ಬೈದಿದ್ದಾರೆ, ಪಾಪ.

ನಿರ್ಮಾಪಕರಿಗೆ ಹಾಸ್ಯ ಏಕೆ ಬೇಕಾಯಿತು ಎಂಬುದಕ್ಕೆ ವಿತರಕರ ನಗುವಲ್ಲದೆ ಇನ್ನೊಂದು ಕಾರಣವಿದೆ, ಅದು ವಿಮರ್ಶೆಯಲ್ಲಿ ಬರಲಿಲ್ಲ. ಸೆನ್ಸಾರಿನವರಿಂದ ವಯಸ್ಕರಿಗೆ ಮಾತ್ರ ಎಂಬ 'ಎ' ಪ್ರಮಾಣಪತ್ರ ಬಂದರೆ ಚಿತ್ರವನ್ನು ಟಿ.ವಿ.ಯಲ್ಲಿ ಹಾಗೆಯೇ ಹಾಕುವಂತಿಲ್ಲ. ಟಿ.ವಿ.ಗೆ ಹೋಗದ ಚಿತ್ರಕ್ಕೆ ಹಕ್ಕಿನ ದುಡ್ಡು ಬರುವುದಿಲ್ಲ. ರಕ್ತ ಇಳಿಸಿ, ನಡುನಡುವೆ ಪೀಪಿ ಊದಿಸಿದರೆ 'ಯು/ಎ' ಸಿಕ್ಕೀತು ಎಂಬ ಆಸೆ. ಈಗ 'ಯು/ಎ'ಯಲ್ಲೂ 7, 13, 16 ವರ್ಷ ಎಂದು ಮೂರು ಮೆಟ್ಟಿಲು ಬಂದ ಮೇಲೆ ಈ ಚೌಕಾಸಿ ಇನ್ನೂ ಹೆಚ್ಚಾಗಿದೆ. ರೈಮಿಯ ತಂಡಕ್ಕೂ ಪ್ರಮಾಣಪತ್ರದ ಭಯವಿತ್ತು. ಅಲ್ಲಿ ಅವರು ರಕ್ತಕ್ಕೆ ಹಸಿರು, ಕಪ್ಪು ಬಣ್ಣ ಕಲಸಿದರು. ಕೊನೆಗೆ ಪ್ರಮಾಣಪತ್ರವೇ ಇಲ್ಲದೆ, ರೋಸ್‌ಬಡ್ ಎಂಬ ಹೆಸರಿನ ಬೇರೊಂದು ಕಂಪನಿಯ ಮೂಲಕ ಬಿಡುಗಡೆ ಮಾಡಿದರು. ನಮ್ಮಲ್ಲಿ ಅಂಥ ದಾರಿಯಿಲ್ಲ. ಹಾಗಾಗಿ ದುಡ್ಡಿನ ಒತ್ತಡ ಇಲ್ಲಿ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಚಿತ್ರೀಕರಣಕ್ಕೆ ಹೊರಡುವ ಮೊದಲೇ ಕೂತು ಇದು ನಗೆಯ ಚಿತ್ರ ಎಂದು ನಿಶ್ಚಯಿಸಿದ್ದರೆ ಅಷ್ಟೇ ದುಡ್ಡಿನಲ್ಲಿ, ಬಹುಶಃ ಇನ್ನೂ ಕಡಿಮೆಯಲ್ಲಿ, ಮುಗಿಯುತ್ತಿತ್ತು. ರಾತ್ರಿ ಚಿತ್ರೀಕರಣದ ಜನರೇಟರ್ ಬಾಡಿಗೆಯಾದರೂ ಉಳಿಯುತ್ತಿತ್ತು.

ಇನ್ನೊಂದು ಮಾತು ಹೇಳಬೇಕು, ಇದು ನನಗೆ ಹೆಚ್ಚು ಮುಖ್ಯ. ಹಾಸ್ಯಕ್ಕೆ ಹೊರಳಿದ ಚಿತ್ರದಲ್ಲಿ ಪೆಟ್ಟು ಯಾರಿಗೆ ಬೀಳುತ್ತದೆ ಎಂದು ನೋಡಿ. ಮೊದಲ 'ಈವಿಲ್ ಡೆಡ್'ನಲ್ಲಿ ಕಾಡಿನ ಮರಗಳು ಹೆಣ್ಣೊಬ್ಬಳ ಮೇಲೆರಗುವ ಹೇಸಿಗೆಯ ದೃಶ್ಯವೊಂದಿದೆ. ಅದನ್ನು ಚಿತ್ರಿಸಿದ್ದಕ್ಕೆ ರೈಮಿ ಮುಂದೆ ಬಹಿರಂಗವಾಗಿಯೇ ವಿಷಾದಪಟ್ಟ. ಎರಡನೇ ಭಾಗದಲ್ಲೂ ಮರಗಳು ಹುಡುಗಿಯೊಬ್ಬಳನ್ನು ಎಳೆದೊಯ್ಯುತ್ತವೆ, ಆದರೆ ಆ ಹೇಸಿಗೆ ಇಲ್ಲ. ಚಿತ್ರದ ಪೆಟ್ಟುಗಳಲ್ಲಿ ಸಿಂಹಪಾಲು ತಿನ್ನುವವನು ನಾಯಕ. ಗಟ್ಟಿ ದವಡೆಯ ಚೆಲುವ, ಅವನನ್ನೇ ಚಿತ್ರ ಉದ್ದಕ್ಕೂ ಬಡಿಯುತ್ತದೆ. ನಮ್ಮಲ್ಲಿ ಹೀರೊಗೆ ಪೆಟ್ಟು ಬೀಳುವಂತಿಲ್ಲ, ಅಭಿಮಾನಿಗಳು ಸುಮ್ಮನಿರುವುದಿಲ್ಲ. ಹಾಗಾಗಿ ಪೆಟ್ಟೆಲ್ಲ ಅಡುಗೆಯ ದಪ್ಪ ಹೆಂಗಸಿಗೆ, ಸೀರೆ ಉಟ್ಟ ಗಂಡಸಿಗೆ, ತೊದಲುವ ಆಳಿಗೆ. ಮೊದಲ ಭಾಗವನ್ನು ಓಡಿಸಿದ್ದ ಸ್ನಾನದ ಮನೆಯ ದೃಶ್ಯ ಎರಡನೆಯದರಲ್ಲಿ ಹಾಗೆಯೇ ಮರಳಿ ಬಂದಿದೆ, ಕ್ಯಾಮೆರಾ ಅದೇ ಕಿಂಡಿಯಲ್ಲಿದೆ. ಬದಲಾದದ್ದು ಏನೆಂದರೆ ಈಗ ಹಿಂದೆ ಒಂದು ಪೀಪಿ ಕೇಳುತ್ತದೆ. ಆ ಪೀಪಿ ನನ್ನದಲ್ಲ. ಹಾಕುವುದಿಲ್ಲ ಎಂದೆ, ಬೇರೆಯವರಿಂದ ಹಾಕಿಸಿಕೊಂಡರು. ನಗೆಯ ಹೆಸರಿನಲ್ಲಿ ಮೊದಲಿನ ಕೊಳಕನ್ನೇ ದಾಟಿಸುವುದು ಇದು. ಇದನ್ನು ಬಿಟ್ಟು ನಿಮ್ಮ ವಿಮರ್ಶಕರು "ಹೆದರಿಕೆಯ ಚಿತ್ರ ಹೆದರಿಸಲಿಲ್ಲ" ಎಂದು ಎರಡು ಕಾಲಂ ಬರೆದಿದ್ದಾರೆ.

ಜಯನಗರದ ಓದುಗರು, ಕಥೆಯ ಬಗೆ ಬದಲಾದರೆ ಅದೇ ಹೆಸರಿಟ್ಟು 'ಭಾಗ 2' ಎಂದು ಹಾಕಿಕೊಳ್ಳದಂತೆ ಚಲನಚಿತ್ರ ವಾಣಿಜ್ಯ ಮಂಡಳಿ ತಡೆಯಬೇಕು ಎಂದು ಬರೆದಿದ್ದಾರೆ. ಬೇಡ ಸ್ವಾಮಿ. ಟೋಬ್ ಹೂಪರ್ 1974ರಲ್ಲಿ ಒಂದೂವರೆ ಲಕ್ಷ ಡಾಲರಿಗೂ ಕಡಿಮೆ ದುಡ್ಡಿನಲ್ಲಿ ತೆಗೆದ 'ಟೆಕ್ಸಾಸ್ ಚೈನ್‌ಸಾ ಮ್ಯಾಸಕರ್' ನೋಡಿ ಜನ ನಡುಗಿದರು. 1986ರಲ್ಲಿ ಅವರೇ ಎರಡನೇ ಭಾಗವನ್ನು ಅಣಕದ ದಾರಿಗೆ ತಿರುಗಿಸಿದಾಗ ಪೋಸ್ಟರಿನಲ್ಲಿ ಆ ಕೊಲೆಗಡುಕ ಕುಟುಂಬವನ್ನು ಆಗಿನ ಒಂದು ಜನಪ್ರಿಯ ಹೈಸ್ಕೂಲು ಹುಡುಗರ ಚಿತ್ರದ ಪೋಸ್ಟರಿನ ಭಂಗಿಯಲ್ಲೇ ಕೂರಿಸಿದರು. ಪೋಸ್ಟರ್ ನೋಡಿದವನಿಗೆ ಏನು ಬರುತ್ತಿದೆ ಎಂದು ಅಲ್ಲೇ ಗೊತ್ತಾಗುತ್ತಿತ್ತು. ನಮ್ಮ ಚಿತ್ರದ ಪೋಸ್ಟರಿನಲ್ಲಿ ರಕ್ತದ ಮಡುವಿದೆ, ನಗುವ ಒಂದು ಹಲ್ಲೂ ಇಲ್ಲ. ಟಿಕೆಟ್ ಕೊಂಡವರಿಗೆ ಮೋಸ ಎನ್ನುವ ಮಾತನ್ನು ಆ ಪೋಸ್ಟರಿಗೆ ಹೇಳಿದರೆ ನಾನೂ ದನಿಗೂಡಿಸುತ್ತೇನೆ.

ನಿಮ್ಮ ವಿಮರ್ಶಕರು ಒಂದು ದಿನ ಬಿಡುವು ಮಾಡಿಕೊಂಡು ನಮ್ಮ ನೆಲಮಾಳಿಗೆಗೆ ಬರಲಿ. ಅದೇ ಮುದುಕನ ದೃಶ್ಯವನ್ನು ಮೊದಲು ಬೂದುಗುಂಬಳದ ಸದ್ದಿನಲ್ಲಿ, ಆಮೇಲೆ ಬೊಂಯ್ ಸದ್ದಿನಲ್ಲಿ ತೋರಿಸುತ್ತೇನೆ. ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಒಳಗೆ ಬಿಟ್ಟರೆ ನನ್ನ ರಾಶಿಯಲ್ಲಿ ಸೇರಿಹೋಗುತ್ತದೆ.

ದಯವಿಟ್ಟು ನನ್ನ ಹೆಸರನ್ನು ಪ್ರಕಟಿಸಬೇಡಿ. ಎರಡನೇ ಭಾಗದ ಬ್ಯಾಲೆನ್ಸ್ ಹಣ ಇನ್ನೂ ಬಂದಿಲ್ಲ, ಮೂರನೇ ಭಾಗಕ್ಕೆ ಕರೆ ಬಂದಿದೆ. ಈ ಸಲ ಭಕ್ತಿಪ್ರಧಾನವಂತೆ.

ಇಂತಿ,
ಒಬ್ಬ ಎಫೆಕ್ಟ್ಸ್ ಕಲಾವಿದ
ರಾಜಾಜಿನಗರ, ಬೆಂಗಳೂರು